ಧೂಳಿಲ್ಲದ ಕೋಣೆಯ ಕಾಕಾ

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ. ಕಾಕಾ ಹೋಗಿ ಇಷ್ಟು ವರ್ಷವಾದರೂ, ಎಲ್ಲಾದರೂ ಮನೆ ಕಟ್ಟುವ ಜಾಗದಲ್ಲಿ ಸಿಮೆಂಟಿನ ಚೀಲ ಬಿಚ್ಚಿದ ವಾಸನೆ ಬಂದರೆ ಸಾಕು, ಮನಸ್ಸಿನಲ್ಲೇ ಅವರ ಜೊತೆ ನನ್ನ ಜಗಳ ಶುರುವಾಗುತ್ತದೆ. ಸ್ವಂತ ಕಾಕಾ ಏನಲ್ಲ. ತಾಂಡೂರಿನ ಹೊರಗೆ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಒಂದೇ ಕೋಣೆಯಲ್ಲಿ ಕೆಲಸ ಮಾಡಿದವರು ನಾವು. ಹೆಸರು ಬರೆಯುವುದಿಲ್ಲ. ಬರೆದರೆ ಬಶೀರಾಬಾದ್ ಕಡೆ ಇರುವ ಅವರ ಮನೆಯವರಿಗೆ ಯಾರಾದರೂ ಓದಿ ಹೇಳುತ್ತಾರೆ, ಅವರ ಹೆಂಡತಿ ಮತ್ತೊಮ್ಮೆ ಕೂತು ಅಳುತ್ತಾರೆ. ಅದು ಬೇಡ.

ನಾನು ಆಗ ಆಂಧ್ರದ ಗಡಿಯಲ್ಲಿದ್ದ ನಾರಾಯಣಖೇಡದವಳು, ಮನೆಮಾತು ಕನ್ನಡ. ಜಹೀರಾಬಾದಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಟೈಪಿಂಗ್ ಕಲಿತೆ. ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಈ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ ಸಿಕ್ಕಿತು. ಕಚೇರಿಯಲ್ಲಿ ತೆಲುಗು, ಕಾರಕೂನರ ನಡುವೆ ಹಿಂದಿ, ಸಾಹೇಬರ ಮುಂದೆ ಇಂಗ್ಲಿಷ್. ಮೊದಲ ದಿನ ಮಧ್ಯಾಹ್ನ ಡಬ್ಬಿ ಹಿಡಿದುಕೊಂಡು ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಿದ್ದಾಗ, ಬಾಗಿಲ ಹೊರಗೆ ನಿಂತು ಕೆಮ್ಮುತ್ತಿದ್ದ ಒಬ್ಬ ತೆಳ್ಳಗಿನ ಮನುಷ್ಯ ಕೆಮ್ಮು ನಿಲ್ಲಿಸಿ, ನಮ್ಮ ಮನೆಯ ಮಾತಿನಲ್ಲೇ ಊಟ ಆಯಿತೇ ಎಂದು ಕೇಳಿದರು. ಅವತ್ತಿನಿಂದ ಅವರು ಕಾಕಾ, ನಾನು ತಂಗಿ.

ಆ ಕೋಣೆಯ ವಿಷಯ ಹೇಳದೆ ಕಾಕಾನ ವಿಷಯ ಹೇಳಲಾಗದು. ಇಡೀ ಕಾರ್ಖಾನೆಯಲ್ಲಿ ಧೂಳಿಲ್ಲದ ಜಾಗ ಅದೊಂದೇ. ಹೊರಗೆ ಬೇವಿನ ಎಲೆ ಬೂದಿ ಬಣ್ಣ, ತಗಡಿನ ಚಾವಣಿ ಬೂದಿ ಬಣ್ಣ, ಕಾವಲುಗಾರನ ಹುಬ್ಬು ಕೂಡ ಬೂದಿ ಬಣ್ಣ. ಕಂಪ್ಯೂಟರಿಗೆ ಧೂಳು ಆಗದು ಎಂದು ಆ ಕೋಣೆಗೆ ಮಾತ್ರ ಎರಡೆರಡು ಬಾಗಿಲು, ತಣ್ಣನೆಯ ಗಾಳಿಯ ಯಂತ್ರ. ಕಾಕಾಗೂ ಧೂಳು ಆಗುತ್ತಿರಲಿಲ್ಲ. ಸಣ್ಣವರಿದ್ದಾಗ ನೆಲಕ್ಕೆ ಹಾಸುವ ಫರ್ಸಿ ಕಲ್ಲು ನಯ ಮಾಡುವ ಕಡೆ ದುಡಿದಿದ್ದರು. ಆಮೇಲೆ ಮೆಟ್ರಿಕ್ ಮುಗಿಸಿ ಕಾರ್ಖಾನೆ ಸೇರಿ, ಪ್ಯಾಕಿಂಗ್ ಹೌಸಿನಲ್ಲಿ, ಅಂದರೆ ಸಿಮೆಂಟನ್ನು ಚೀಲಕ್ಕೆ ತುಂಬಿ ಲಾರಿಗೆ ಏರಿಸುವ ಕಡೆ, ಗುಮಾಸ್ತರಾಗಿ ವರ್ಷಗಟ್ಟಲೆ ನಿಂತಿದ್ದರು. ಎದೆ ಹಾಳಾಯಿತು. ಇನ್ನು ಅಲ್ಲೇ ಇದ್ದರೆ ಉಳಿಯುವುದಿಲ್ಲ ಎಂದು ಆಗಿನ ಡಾಕ್ಟರು ಹೇಳಿದ ಮೇಲೆ, ಅದೇ ಹೊತ್ತಿಗೆ ಕಂಪ್ಯೂಟರ್ ಬಂದದ್ದರಿಂದ, ಪುಣ್ಯಾತ್ಮ ಮ್ಯಾನೇಜರ್ ಒಬ್ಬರು ಇವರನ್ನು ಹೈದರಾಬಾದಿಗೆ ತರಬೇತಿಗೆ ಕಳಿಸಿ ತಂದು ಈ ಕೋಣೆಯಲ್ಲಿ ಕೂರಿಸಿದರು. ತಾನೂ ಮಷೀನೂ ಒಂದೇ ರೋಗದವರು ಎಂದು ಕಾಕಾ ಹೇಳಿಕೊಂಡು ನಗುತ್ತಿದ್ದರು. ನಕ್ಕರೆ ಕೆಮ್ಮು ಬರುತ್ತಿತ್ತು. ಕೆಮ್ಮು ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು, ಕೋಣೆಯೊಳಗೆ ಎಂದೂ ಕೆಮ್ಮಲಿಲ್ಲ.

ಅವರ ಶಿಸ್ತಿನ ಕಾಟ ಸಾಮಾನ್ಯದ್ದಲ್ಲ. ಚಪ್ಪಲಿ ಹೊರಗೆ, ಅದಾದ ಮೇಲೆ ಕಾಲು ತೊಳೆಯಬೇಕು, ಒರೆಸಬೇಕು. ತಲೆಯಲ್ಲಿ ಹೂವು ಮುಡಿದು ಬಂದರೆ ಹೊರಗೆ ಕಿಟಕಿಯ ಮೇಲೆ ತೆಗೆದಿಟ್ಟು ಬಾ ಎನ್ನುತ್ತಿದ್ದರು. ಒಮ್ಮೆ ಹಿರಿಯ ಎಂಜಿನಿಯರ್ ಒಬ್ಬರು ಬೂಟು ಹಾಕಿಕೊಂಡೇ ಒಳಗೆ ಕಾಲಿಟ್ಟಾಗ ಕಾಕಾ ಚಿಂದಿ ಬಟ್ಟೆ ತಂದು ಅವರು ನಡೆದ ಕಡೆಯೆಲ್ಲ ಹಿಂದೆ ಹಿಂದೆಯೇ ಒರೆಸುತ್ತಾ ಹೋದರು. ಆ ಸಾಹೇಬರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ತಮಗೂ ರಿಯಾಯಿತಿ ಇರಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ ಹಣೆತುಂಬ ವಿಭೂತಿ ಹಚ್ಚಿಕೊಂಡು ಬಸ್ಸಿಳಿದು ಬರುತ್ತಿದ್ದರು. ನಮ್ಮ ಬಾಗಿಲ ಮುಂದೆ ಬಂದು ಒದ್ದೆ ಕರವಸ್ತ್ರದಿಂದ ಅದನ್ನು ಪೂರ್ತಿ ಒರೆಸಿಕೊಂಡು ಒಳಗೆ ಬರುತ್ತಿದ್ದರು. ದೇವರಿಗೆ ಸಿಟ್ಟು ಬರೋದಿಲ್ಲವೇ ಎಂದು ನಾನು ಕೆಣಕಿದರೆ, ದೇವರಿಗೆ ತಿಳಿಯುತ್ತದೆ, ಮಷೀನಿಗೆ ತಿಳಿಯುವುದಿಲ್ಲ ಎನ್ನುತ್ತಿದ್ದರು.

ಇನ್ನೊಂದು ರೂಢಿ ಅವರದು, ಏನು ಬರೆದರೂ ಮೇಲೆ ಶ್ರೀ. ನಮ್ಮ ಕಡೆ ಅದು ಹೊಸದಲ್ಲ, ಕಾಗದಕ್ಕೆ, ಲಗ್ನಪತ್ರಿಕೆಗೆ ಎಲ್ಲರೂ ಹಾಕುತ್ತಾರೆ. ಕಾಕಾ ಮಾತ್ರ ಸಾಬೂನು, ಕಡ್ಲಿಹಿಟ್ಟು ಎಂದು ಕಿರಾಣಿ ಚೀಟಿ ಬರೆದರೂ ಮೇಲೆ ಶ್ರೀ ಹಾಕುವವರು. ನಮ್ಮ ಕಡೆಯ ಊರುಗಳು ಆಂಧ್ರದ ಪಾಲಾಗುವ ಮುಂಚೆ ಅವರು ಕಲಿತ ಕನ್ನಡ ಶಾಲೆಯಲ್ಲಿ, ಶ್ರೀ ಹಾಕದೆ ಪಾಟಿ ತೋರಿಸಿದರೆ ಮಾಸ್ತರು ಎಂಜಲು ಹಚ್ಚಿ ಪೂರ್ತಿ ಅಳಿಸಿಬಿಡುತ್ತಿದ್ದರಂತೆ. ಸಾವಿನ ಸುದ್ದಿ ತಿಳಿಸುವ ಕಾಗದಕ್ಕೆ, ಸೂತಕದ ದಿನಗಳಲ್ಲಿ ಬರೆಯುವುದಕ್ಕೆ ಮಾತ್ರ ಶ್ರೀ ಇಲ್ಲ.

ನಮ್ಮ ಕಂಪ್ಯೂಟರ್ ಯುನಿಕ್ಸ್ ಎಂಬ ವ್ಯವಸ್ಥೆಯ ಮೇಲೆ ನಡೆಯುತ್ತಿತ್ತು. ಅದರ ಜೊತೆ ಮಾತಾಡುವುದೆಂದರೆ ಒಂದೊಂದೇ ಆಜ್ಞೆ ಟೈಪ್ ಮಾಡುವುದು. ದಿನವೂ ಅವೇ ಆಜ್ಞೆಗಳನ್ನು ಕೊಡುವುದಿದ್ದರೆ ಎಲ್ಲವನ್ನೂ ಒಂದು ಕಡತದಲ್ಲಿ ಬರೆದಿಟ್ಟು ಅದಕ್ಕೊಂದು ಹೆಸರಿಡಬಹುದು. ಆಮೇಲೆ ಹೆಸರು ಒತ್ತಿದರೆ ಸಾಕು, ಯಂತ್ರ ಸಾಲಾಗಿ ಎಲ್ಲ ಮಾಡಿ ಮುಗಿಸುತ್ತದೆ. ಇದಕ್ಕೆ ಶೆಲ್ ಸ್ಕ್ರಿಪ್ಟ್ ಎನ್ನುತ್ತಾರೆ. ಬರೆದದ್ದನ್ನು ಓದಿ ನಡೆಸಿಕೊಡುವ ಭಾಗವೇ ಶೆಲ್. ಕಾಕಾ ಬರೆದ ಸ್ಕ್ರಿಪ್ಟುಗಳಲ್ಲಿ ದೊಡ್ಡದು, ಯಾವ ಲಾರಿಗೆ ಯಾವ ಸರಕು ಎಂದು ಲೋಡಿಂಗ್ ಚೀಟಿ ತೆಗೆಯುವಂಥದ್ದು. ಅದರ ಹೆಸರು ಸಂಜಿ. ಸಂಜೆಯೊಳಗೆ ಚೀಟಿ ಬರಲಿ ಎಂದು ಇಟ್ಟ ಹೆಸರು. ಅದರ ಮೇಲೂ, ಇಂಗ್ಲಿಷ್ ಅಕ್ಷರದಲ್ಲಿ, ಶ್ರೀ ಇತ್ತು. ಸಾಲಿನ ಮೊದಲಿಗೆ # ಗುರುತು ಹಾಕಿದರೆ ಯಂತ್ರ ಆ ಸಾಲನ್ನು ಓದದೆ ಬಿಡುತ್ತದೆ, ಅದು ಬರೆದವರು ತಮಗಾಗಿ ಮಾಡಿಕೊಂಡ ಟಿಪ್ಪಣಿ ಎಂದು. ಹಾಗಾಗಿ # ಹಾಕಿ ಪಕ್ಕದಲ್ಲಿ ಶ್ರೀ ಬರೆದಿದ್ದರು. ಅದರಿಂದ ಯಾರಿಗೇನು ತೊಂದರೆ? ವರ್ಷಗಟ್ಟಲೆ ಸಂಜಿ ಒಂದು ದಿನವೂ ಮುನಿಸಿಕೊಳ್ಳದೆ ಓಡಿತ್ತು.

ಆಮೇಲೆ ಹೆಡ್ ಆಫೀಸಿನಿಂದ ಹೊಸ ಅಧಿಕಾರಿ ಬಂದರು. ಕೆಟ್ಟವರಲ್ಲ, ಅವಸರದವರು. ವ್ಯವಸ್ಥೆಯ ಹೊಸ ಆವೃತ್ತಿ ತಂದು ಹಾಕಿದರು, ಹಳೆಯ ಶೆಲ್ ಬದಲು ಎಲ್ಲರಿಗೂ ಸಿ ಶೆಲ್ ಎಂಬ ಹೊಸದನ್ನು ಕೊಟ್ಟರು, ಲೋಡಿಂಗ್ ಆಫೀಸಿನಲ್ಲೂ ಒಂದು ಟರ್ಮಿನಲ್, ಅಂದರೆ ಪರದೆ ಮತ್ತು ಕೀಲಿಮಣೆ, ಇಡಿಸಿದರು. ಇನ್ನು ಮೇಲೆ ಅಲ್ಲಿನ ಗುಮಾಸ್ತನೇ ಸಂಜಿ ಎಂದು ಒತ್ತಿ ಚೀಟಿ ತೆಗೆದುಕೊಳ್ಳಲಿ, ಈ ಕೋಣೆಗೆ ನಾನೊಬ್ಬಳೇ ಸಾಕು, ಕಾಕಾ ತಮ್ಮ ಹಳೆಯ ವಿಭಾಗಕ್ಕೆ ಹೋಗಲಿ ಎಂದರು. ಹಳೆಯ ವಿಭಾಗ ಅಂದರೆ ಪ್ಯಾಕಿಂಗ್ ಹೌಸ್. ಕಾಕಾ ತಮ್ಮ ಎದೆಯ ವಿಷಯ ಹೇಳಿದರು. ಡಾಕ್ಟರು ಮತ್ತೆ ನೋಡಲಿ ಎಂದರು ಅಧಿಕಾರಿ. ಹಳೆಯ ಡಾಕ್ಟರು ಊರು ಬಿಟ್ಟಾಗಿತ್ತು. ಹೊಸಬರು ಎದೆಯ ಫೋಟೋ ತೆಗೆಸಿ, ಈಗ ಸುಧಾರಿಸಿದೆ, ಕೆಲಸಕ್ಕೆ ಅಡ್ಡಿಯಿಲ್ಲ ಎಂದು ಬರೆದುಕೊಟ್ಟರು. ಸುಧಾರಿಸದೆ ಏನು? ಅಷ್ಟು ವರ್ಷ ಮಷೀನಿನ ಗಾಳಿ ಕುಡಿದಿದ್ದರಲ್ಲ!

ಮರುದಿನ ಗುಮಾಸ್ತ ಸಂಜಿ ಎಂದು ಒತ್ತಿದ. ಓಡಲಿಲ್ಲ. ಪರದೆಯ ಮೇಲೆ ಅರ್ಥವಾಗದ ಬೈಗುಳದಂಥ ಎರಡು ಸಾಲು ಬಂದು ನಿಂತಿತು. ನಮ್ಮ ಕೋಣೆಯಿಂದ ಒತ್ತಿದರೂ ಅದೇ. ಅಧಿಕಾರಿ ಬಂದು ಕೂತರು. ಓಡಿಸುವ ಅನುಮತಿ ಕಡತಕ್ಕೆ ಇದೆಯೇ, ಇದೆ. ಯಂತ್ರ ಅದನ್ನು ಸರಿಯಾದ ಜಾಗದಲ್ಲಿ ಹುಡುಕುತ್ತಿದೆಯೇ, ಹುಡುಕುತ್ತಿದೆ. ಡಿಸ್ಕಿನಲ್ಲಿ ಜಾಗ ಇದೆಯೇ, ಬೇಕಾದಷ್ಟಿದೆ. ಬೇರೆ ಹೆಸರಿಗೆ ನಕಲು ಮಾಡಿದರೂ ಓಡಲಿಲ್ಲ. ಸೋಜಿಗವೆಂದರೆ ಅಧಿಕಾರಿ ಬರೆದ ಸ್ಕ್ರಿಪ್ಟು ಓಡುತ್ತಿತ್ತು, ನಾನು ಗೀಚಿಟ್ಟಿದ್ದ ಸಣ್ಣವೂ ಓಡುತ್ತಿದ್ದವು. ಕಾಕಾ ಬರೆದವು ಒಂದೂ ಓಡಲಿಲ್ಲ. ಈಗಿನವರಿಗೆ ಹೇಳಿದರೆ, ಹಳೆಯ ಶೆಲ್ಲನ್ನೇ ಹೆಸರು ಹಿಡಿದು ಕರೆದು ಕಡತ ಕೊಟ್ಟಿದ್ದರೆ ಆಗುತ್ತಿತ್ತಲ್ಲ ಎಂದು ನಗುತ್ತಾರೆ. ನಗಲಿ. ಅವತ್ತು ಅದು ಯಾರಿಗೂ ಹೊಳೆಯಲಿಲ್ಲ. ಅಧಿಕಾರಿಗೆ ಬೇರೆ ಕಾರ್ಖಾನೆಗಳೂ ಇದ್ದವು. ಇದು ಸರಿಯಾಗುವ ತನಕ ಕೈಯಿಂದಲೇ ನಡೆಸಿ, ಸರಿಯಾದ ದಿನ ಕಾಕಾ ಪ್ಯಾಕಿಂಗಿಗೆ ಹೋಗಲಿ ಎಂದು ಹೇಳಿ ರೈಲು ಹತ್ತಿದರು.

ಅಂದರೆ ಸಂಜಿ ಕೆಟ್ಟಿರುವಷ್ಟು ದಿನ ಕಾಕಾಗೆ ಆ ಕೋಣೆ. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಮಧ್ಯಾಹ್ನ ಆರ್ಡರುಗಳು ಬಂದ ಮೇಲೆ ಕಾಕಾ ಕೂತು ಸಂಜಿಯ ಒಂದೊಂದೇ ಸಾಲನ್ನು ಕೈಯಿಂದ ಹೊಡೆಯತೊಡಗಿದರು. ಒಂದೊಂದಾಗಿ ಕೊಟ್ಟರೆ ಯಂತ್ರ ಸುಮ್ಮನೆ ಕೇಳುತ್ತಿತ್ತು. ಹೀಗಿದ್ದರೆ ಇದು ಮಾಡು, ಇಲ್ಲದಿದ್ದರೆ ಅದು ಮಾಡು ಎಂದಿದ್ದ ಕಡೆ ತಾವೇ ಕಣ್ಣಿಟ್ಟು ನೋಡಿ, ತಾವೇ ತೀರ್ಮಾನ ಮಾಡಿ ಮುಂದಿನ ಸಾಲು ಕೊಡುತ್ತಿದ್ದರು. ಸಣ್ಣ ತಪ್ಪಾದರೂ ಮೊದಲಿಂದ ಶುರು. ಹಿಂದೆ ಚಹಾದ ಹೊತ್ತಿಗೆ ಬರುತ್ತಿದ್ದ ಚೀಟಿ ಈಗ ದೀಪ ಹಚ್ಚಿದ ಮೇಲೆ ಬರುತ್ತಿತ್ತು. ಬೆನ್ನು ನೋಯುತ್ತಿತ್ತು ಅವರಿಗೆ. ನನಗೆ ಮಾತ್ರ ಒಳಗೊಳಗೇ ಸಮಾಧಾನ. ಹಾಳಾಗಿ ಹೋಗಲಿ ಆ ಸಂಜಿ, ಎಂದೂ ಓಡದಿರಲಿ ಎಂದು ನಾನು ಹರಕೆ ಹೊರುವುದೊಂದು ಬಾಕಿ.

ಕಾಕಾ ಹಾಗಲ್ಲ. ಬಿಡುವು ಸಿಕ್ಕರೆ ಸಂಜಿಯನ್ನು ಬಿಚ್ಚಿಕೊಂಡು ಕೂರುತ್ತಿದ್ದರು. ಕೆಳಗಿನ ಅರ್ಧ ಕತ್ತರಿಸಿ ನೋಡುತ್ತಿದ್ದರು, ಓಡದು. ಉಳಿದದ್ದರಲ್ಲಿ ಅರ್ಧ ಕತ್ತರಿಸಿ ನೋಡುತ್ತಿದ್ದರು, ಅದೂ ಓಡದು. ತಾವು ಬರೆದದ್ದೇ ಯಾಕೆ ಹೀಗೆ ಎಂಬುದು ಅವರನ್ನು ತಿನ್ನುತ್ತಿತ್ತು. ನನ್ನ ಕೈಯೇ ಕೆಟ್ಟಿರಬೇಕು ಎಂದು ಒಮ್ಮೆ ಅಂದರು. ಅದೇನೂ ತಮಾಷೆಗೆ ಅಂದದ್ದಲ್ಲ.

ಆ ನಡುವೆ ಅವರ ತಾಯಿ ತೀರಿಕೊಂಡರು. ಬೆಳಿಗ್ಗೆ ಬರಬೇಕಾದವರು ಬರಲಿಲ್ಲ, ಅವರ ಊರಿನ ಬಸ್ಸಿನ ಕಂಡಕ್ಟರ್ ಗೇಟಿನಲ್ಲಿ ಸುದ್ದಿ ಬಿಟ್ಟು ಹೋದ. ಅವತ್ತು, ಮರುದಿನ, ನಾನು ಕೈಯಿಂದ ಹೊಡೆಯಲು ಹೋಗಿ ಎಲ್ಲ ಗೊಂದಲವಾಯಿತು. ಲಾರಿಗಳು ಗೇಟಿನಿಂದ ಸ್ಟೇಷನ್ ರಸ್ತೆಯವರೆಗೆ ನಿಂತವು. ಕಾರ್ಖಾನೆಯಿಂದ ಜೀಪು ಹೋಯಿತು. ತಾಯಿಯ ದಿನ ಇನ್ನೂ ಮುಗಿಯದ ಆ ಮನುಷ್ಯನನ್ನು ಕೂರಿಸಿಕೊಂಡು ಬಂದೇಬಿಟ್ಟಿತು. ಹಣೆ ಬರಿದಾಗಿತ್ತು, ಅವತ್ತು ಬಾಗಿಲಲ್ಲಿ ಒರೆಸಿಕೊಳ್ಳುವುದಕ್ಕೆ ಏನೂ ಇರಲಿಲ್ಲ. ಕಾಲು ತೊಳೆದು ಬಂದು ಕೂತರು. ತಾಯಿ ಹೇಗೆ ಹೋದರು ಎಂದು ಕೇಳಿದೆ. ರೊಟ್ಟಿ ಬಡಿಯುತ್ತಾ ಕೂತಲ್ಲೇ ಒರಗಿದರಂತೆ.

ಚೀಟಿಗಳನ್ನು ತೆಗೆದು ಕಳಿಸಿದರು. ಮನೆಗೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಸುಮ್ಮನೆ ಕೂತರೆ ಅಳು ಬರುತ್ತದೆಂದೋ ಏನೋ, ಹಳೆಯದರಲ್ಲಿ ಎಲ್ಲೋ ಕಣ್ಣಿಗೆ ಕಾಣದ ಅಕ್ಷರ ಸೇರಿಕೊಂಡಿರಬಹುದು, ಸಂಜಿಯನ್ನು ಪೂರ್ತಿ ಹೊಸದಾಗಿ ಟೈಪ್ ಮಾಡುತ್ತೇನೆ ಎಂದು ಶುರು ಮಾಡಿದರು. ಮುಗಿಸಿ, ಅನುಮತಿ ಕೊಟ್ಟು, ಹೆಸರು ಒತ್ತಿದರು.

ಓಡಿತು. ಪ್ರಿಂಟರ್ ಕಟಕಟ ಎಂದು ಚೀಟಿ ಉಗುಳತೊಡಗಿತು. ಇಬ್ಬರೂ ಅದರ ಮುಖ ನೋಡುತ್ತಾ ಕೂತೆವು.

"ಕಾಕಾ, ಇದರಾಗ ಏನು ಬಿಟ್ಟೀರಿ?"

"ಏನೂ ಬಿಟ್ಟಿಲ್ಲ ತಂಗಿ. ಸಾಲಿಗೆ ಸಾಲು ಹಾಕೀನಿ." ಪರದೆಯ ಮೊದಲ ಸಾಲಿನ ಮೇಲೆ ಬೆರಳಿಟ್ಟರು. "ಶ್ರೀ ಒಂದು ಹಾಕಿಲ್ಲ. ಅವ್ವನ ದಿನ ಇನ್ನಾ ಆಗಿಲ್ಲಲ್ಲ, ಹೆಂಗ ಹಾಕಲಿ."

ನಾನು ಅವರನ್ನು ಸರಿಸಿ ಕೂತು, ಮೊದಲ ಸಾಲಿನಲ್ಲಿ # ಹಾಕಿ ಶ್ರೀ ಬರೆದೆ. ಒತ್ತಿದೆ. ಸತ್ತಿತು. ಅಳಿಸಿದೆ, ಓಡಿತು. ಮತ್ತೊಮ್ಮೆ ಹಾಕಲು ಹೋದಾಗ ಕಾಕಾ ನನ್ನ ಕೈ ಹಿಡಿದುಕೊಂಡರು. ಸಾಕು ಎಂದರು. ಅವರ ಕಣ್ಣು ತುಂಬಿತ್ತು. ತಾಯಿಗೆ ಅತ್ತದ್ದೋ ಇದಕ್ಕೋ, ನಾನು ಕೇಳಲಿಲ್ಲ.

ಕಾರಣ ಆಮೇಲೆ ಅಧಿಕಾರಿಯಿಂದ ತಿಳಿಯಿತು. ಹೊಸ ಸಿ ಶೆಲ್ಲಿಗೆ ಒಂದು ಚಟ. ಸ್ಕ್ರಿಪ್ಟು ಕೈಗೆ ಬಂದರೆ ಅದರ ಮೊಟ್ಟಮೊದಲ ಅಕ್ಷರ ನೋಡುತ್ತದೆ. ಅದು # ಆಗಿದ್ದರೆ ಇದು ತನ್ನ ಭಾಷೆಯದು ಎಂದುಕೊಂಡು ತಾನೇ ಓದಲು ಕೂರುತ್ತದೆ, ಇಲ್ಲದಿದ್ದರೆ ಹಳೆಯ ಶೆಲ್ಲಿಗೆ ಕಳಿಸುತ್ತದೆ. ಕಾಕಾ ಬರೆದದ್ದೆಲ್ಲ ಹಳೆಯ ಶೆಲ್ಲಿನ ಭಾಷೆ. ಉರ್ದು ಅರ್ಜಿಯನ್ನು ತೆಲುಗು ಗುಮಾಸ್ತನ ಮುಂದೆ ಇಟ್ಟಂತಾಗಿತ್ತು. ಬೇರೆ ಯಾರೂ ಮೊದಲ ಸಾಲನ್ನು ದೇವರಿಗೆ ಬಿಟ್ಟಿರಲಿಲ್ಲ, ಅವರದ್ದು ಓಡುತ್ತಿತ್ತು. ಹೈದರಾಬಾದಿನ ತರಬೇತಿಯಲ್ಲಿ ಯಾವ ಮೇಷ್ಟ್ರು ತಾನೇ ಇದನ್ನು ಹೇಳಿಯಾರು?

ಅವತ್ತು ಇದೇನೂ ತಿಳಿಯದೆ, ಶ್ರೀಯನ್ನು ಎರಡನೇ ಸಾಲಿಗೆ ಹಾಕಿ ನೋಡಿ, ಅಲ್ಲಿ ಅಡ್ಡಿ ಮಾಡಲಿಕ್ಕಿಲ್ಲ ಎಂದೆ. ಕಾಕಾಗೆ ಅಂಥ ದಿನದಲ್ಲೂ ನಗು ಬಂತು. "ಎರಡನೇ ಸಾಲಿನಾಗ ಶ್ರೀ ಯಾರು ಬರೀತಾರ ತಂಗಿ?" ಎಂದರು.

ಆದರೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಶ್ರೀ ಅಲ್ಲ. ಹೊಸ ಕಡತ ಓಡಿದ್ದು ನಮ್ಮಿಬ್ಬರನ್ನು ಬಿಟ್ಟರೆ ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಅಳಿಸಿಬಿಡಿ ಎಂದೆ. ಹಳೆಯದೇ ಇರಲಿ, ದಿನಾ ಕೈಯಿಂದ ಹೊಡೆಯಿರಿ, ನಾನೂ ಕಲಿತು ಅರ್ಧ ಹೊಡೆಯುತ್ತೇನೆ, ನಿವೃತ್ತಿಯ ತನಕ ತಳ್ಳೋಣ ಎಂದೆ. ಹೆಂಡತಿ ಇದ್ದಾರೆ, ಮಗಳ ಲಗ್ನ ಆಗಬೇಕು, ಅದನ್ನೂ ಹೇಳಿದೆ. ಕಾಲು ಹಿಡಿಯುವುದೊಂದು ಬಿಟ್ಟೆ.

ಕಾಕಾ ಎಲ್ಲ ಕೇಳಿದರು. ಆಮೇಲೆ ನಿಧಾನಕ್ಕೆ ಕೇಳಿದರು, "ಚೀಟಿ ಬರೋತನ ಹಮಾಲರು ಎಲ್ಲಿ ಕುಂದರ್ತಾರ, ಗೊತ್ತದೇನು ನಿನಗ?"

ನನಗೆ ಗೊತ್ತಿರಲಿಲ್ಲ. ಚೀಲ ಹೊರುವ ಆ ಮಂದಿಯನ್ನು ನಾನು ದೂರದಿಂದ ನೋಡಿದ್ದಷ್ಟೇ.

"ಪ್ಯಾಕಿಂಗ್ ಹೌಸಿನಾಗಽ ಕುಂದರ್ತಾರ. ಹೊರಗ ಹೋಗಾಕ ಬಿಡಾದಿಲ್ಲ, ಯಾವಾಗ ಚೀಟಿ ಬರ್ತದೋ ಅಂತ. ಚೀಲ ತುಂಬೋ ಮಷೀನು ಬಂದ್ ಆಗಾದಿಲ್ಲ. ಮೊದಲೆಲ್ಲಾ ಹೊತ್ತು ಮುಳುಗೂದ್ರಾಗ ಮನಿಗೆ ಹೋಗ್ತಿದ್ರು. ಈಗ ನಾ ಇಲ್ಲಿ ಒಂದೊಂದು ಸಾಲು ಹೊಡೀತೀನಿ, ಅವರು ಅಲ್ಲಿ ಅಷ್ಟೊತ್ತನೂ ಆ ಧೂಳನ್ನ ಕುಡೀತಾರ. ಅವರಿಗೂ ಎದಿ ಅದ ತಂಗಿ."

ನಾನು ಅತ್ತೆ, ಬೈದೆ ಕೂಡ. ಲೋಕೋದ್ಧಾರ ಮಾಡುವುದಕ್ಕೆ ನೀವೇ ಸಿಕ್ಕಿರಾ ಎಂದೆ. ದೊಡ್ಡವರಿಗೆ ಆಡಬಾರದ ಮಾತು. ಕಾಕಾ ಬೇಜಾರು ಮಾಡಿಕೊಳ್ಳಲಿಲ್ಲ, ಬಸ್ಸಿನ ಹೊತ್ತಾತು ಎಂದು ಎದ್ದರು. ದಿನಗಳು ಮುಗಿದು ಕೆಲಸಕ್ಕೆ ಬಂದವರೇ ತಮ್ಮ ಎಲ್ಲ ಸ್ಕ್ರಿಪ್ಟುಗಳ ಮೊದಲ ಸಾಲನ್ನೂ ತಾವೇ ಅಳಿಸಿದರು. ಆಮೇಲೆ ಲೋಡಿಂಗ್ ಆಫೀಸಿಗೆ ಹೋಗಿ ಗುಮಾಸ್ತನಿಗೆ ಸಂಜಿ ಒತ್ತಲು ಹೇಳಿದರು. ಅಧಿಕಾರಿಗೆ ತಂತಿ ಕೊಡಿಸಿದರು. ಆ ವಾರವೇ ಪ್ಯಾಕಿಂಗಿಗೆ ಹೋದರು. ಹೋಗುವಾಗ ನನಗೆ ಹೇಳಿದ್ದು ಇಷ್ಟೇ, ಪ್ರಿಂಟರಿನ ಮೇಲೆ ಬಟ್ಟೆ ಮುಚ್ಚುವುದನ್ನು ಮರೆಯಬೇಡ.

ಆಮೇಲಿನದ್ದನ್ನು ಬರೆಯಲು ನನಗೆ ಮನಸ್ಸಿಲ್ಲ, ಆದರೂ ಬರೆಯಬೇಕು. ಕೆಲವು ದಿನ ಹಮಾಲರು ಬೆಳಕಿರುವಾಗಲೇ ಮನೆಗೆ ಹೋದರು, ನಾನೇ ನೋಡಿದೆ. ಟವೆಲ್ ಝಾಡಿಸಿಕೊಳ್ಳುತ್ತಾ ಗೇಟು ದಾಟುತ್ತಿದ್ದರು. ಆಮೇಲೆ ಮೇಲಿನವರ ಗಮನಕ್ಕೆ ಬಂತು, ಚೀಟಿ ಬೇಗ ಬರುತ್ತದೆ, ಸಂಜೆ ಹೊತ್ತು ಉಳಿಯುತ್ತದೆ. ಆ ಹೊತ್ತಿಗೆ ಇನ್ನಷ್ಟು ಲಾರಿ ಒಳಗೆ ಬಿಟ್ಟರು. ಹಮಾಲರು ಮತ್ತೆ ದೀಪ ಹಚ್ಚಿದ ಮೇಲೇ ಮನೆಗೆ. ಮೊದಲು ಕೂತು ಕುಡಿಯುತ್ತಿದ್ದ ಧೂಳನ್ನು ಈಗ ಚೀಲ ಹೊತ್ತು ಏದುಸಿರಿನಲ್ಲಿ ಕುಡಿಯಬೇಕಾಯಿತು.

ಲಾರಿ ಹೆಚ್ಚಿಸಿದ ಸುದ್ದಿ ತಿಳಿದ ದಿನ ನಾನು ಊಟದ ಬಿಡುವಿನಲ್ಲಿ ಪ್ಯಾಕಿಂಗ್ ಹೌಸಿಗೆ ಹೋದೆ. ಅಲ್ಲಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಎದುರಿಗಿದ್ದವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಕಾಕಾ ಮೂಗಿಗೆ ಟವೆಲ್ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು, ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ನಾನು ಜಗಳಕ್ಕೇ ಹೋದವಳು. ಏನು ಬಂತು ನಿಮಗೆ, ಈ ಹಮಾಲರಿಗಾದರೂ ಏನು ಬಂತು ಎಂದು ಕೇಳಿದೆ. ಅವರು ಟವೆಲ್ ಸರಿಸಿ, ಉಸಿರು ಕೂಡಿಸಿಕೊಂಡು ಹೇಳಿದರು.

"ಲಾರಿ ಹೆಚ್ಚ ಮಾಡಿದ್ದು ಮ್ಯಾಲಿನವರು. ಅದು ಅವರು ಮಾಡಿದ್ದು. ನಾ ಅಲ್ಲಿ ತಣ್ಣಗ ಕುಂತು ಇವರನ್ನ ಇಲ್ಲಿ ಕುಂದ್ರಿಸಿದ್ರ, ಅದು ನಾ ಮಾಡಿದ್ದಾಗ್ತಿತ್ತು. ಊಟ ಮಾಡು ಹೋಗು ತಂಗಿ, ಇಲ್ಲಿ ನಿಂದ್ರಬ್ಯಾಡ."

ಮುಂದಿನ ಬೇಸಿಗೆಯ ಹೊತ್ತಿಗೆ ಅವರಿಗೆ ನಿಲ್ಲಲು ಆಗುತ್ತಿರಲಿಲ್ಲ. ರಜೆ ತೀರಿತ್ತು. ಇನ್ನೊಂದು ಕಡೆ ಹಾಕಿ ಎಂದು ಅಧಿಕಾರಿಯೂ ಮೇಲಿನವರಿಗೆ ಹೇಳಿದ್ದರಂತೆ, ಆಗಲಿಲ್ಲ. ಕೂತೇ ಕೆಲಸ ಮಾಡುತ್ತಿದ್ದರು. ಸಂಜಿಯ ಕತೆ, ಶ್ರೀಯ ಕತೆ, ಇವರು ಯಾಕೆ ತಿರುಗಿ ಬಂದರು ಎನ್ನುವುದು, ಹಮಾಲರಿಗೆ ಇದಾವುದೂ ತಿಳಿಯದು. ಕಾಕಾ ಹೇಳಿರಲಿಲ್ಲ, ನನಗೂ ಹೇಳಗೊಟ್ಟಿರಲಿಲ್ಲ. ಕೆಮ್ಮುವ ಒಬ್ಬ ಹಳೆಯ ಗುಮಾಸ್ತ, ಅಷ್ಟೇ ಅವರಿಗೆ. ಆದರೂ ಅವರೊಳಗೆ ಯಾರೋ ಎರಡು ಬೊಂಬು ನೆಟ್ಟು, ಖಾಲಿ ಗೋಣಿಚೀಲ ಬಿಚ್ಚಿ ಹೊಲಿದು, ನೀರಲ್ಲಿ ಅದ್ದಿ ಅವರ ಸ್ಟೂಲಿನ ಸುತ್ತ ಪರದೆಯಂತೆ ಇಳಿಬಿಟ್ಟರು. ಬಿಸಿಲು ಏರುತ್ತಲೇ ಗೋಣಿ ಒಣಗುತ್ತಿತ್ತು. ಚೀಲ ಇಳಿಸಿ ಬರುವವನೊಬ್ಬ ಬಕೆಟ್ಟಿನಿಂದ ನೀರು ತೆಗೆದು ಅದಕ್ಕೆ ಚಿಮುಕಿಸಿ ಮತ್ತೆ ಹೊರಲು ಹೋಗುತ್ತಿದ್ದ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ. ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಮಳೆಗಾಲ ಮುಗಿಯುವ ತನಕ ಕಾಕಾ ಆ ಗೋಣಿಯ ಹಿಂದೆ ಉಸಿರಾಡಿದರು. ದೀಪಾವಳಿಗೆ ಅವರಿರಲಿಲ್ಲ.